ಸ್ವೈರಶಶಕಸಂರಕ್ಷಣ ಮೀಮಾಂಸೆ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಚತುಷ್ಟಯವನ್ನು ಮೊದಲಿಗೇ ನಿರೂಪಿಸದಿದ್ದರೆ ವಿದ್ವಾಂಸರು ಆ ಗ್ರಂಥವನ್ನು ಕೈಯಲ್ಲಿ ಹಿಡಿಯುವುದಿಲ್ಲವೆಂಬುದು ಪ್ರಸಿದ್ಧ ಸಂಗತಿಯಾದುದರಿಂದ, ಗಹನವಾದ ಈ ವಿಷಯವನ್ನು ಪ್ರವೇಶಿಸುವ ಮುನ್ನ ಅವನ್ನು ಹೇಳಿಬಿಡುತ್ತೇನೆ. ಮನೆಯ ಹಿಂದೆ ಹಿತ್ತಿಲೊಂದನ್ನು ಇನ್ನೂ ಉಳಿಸಿಕೊಂಡಿರುವ, ಆ ಹಿತ್ತಿಲಿನಲ್ಲಿ ಮೊಲ ಸಾಕಲೇಬೇಕೆಂದು ಹಟಮಾಡಿ ಊಟ ಬಿಟ್ಟ ಮಕ್ಕಳನ್ನು ಪಡೆದಿರುವ, ಮೊಲ ಮನೆಗೆ ಬಂದು ಪಕ್ಷ ಕಳೆಯುವುದರೊಳಗೆ ಅದೇ ಮಕ್ಕಳು ಕ್ರಿಕೆಟ್ಟಿಗೆ ಹೊರಟುಹೋದ ಕಾರಣ ಅದರ ಸಮಸ್ತ ಭಾರವನ್ನೂ ತಾನೇ ಹೊತ್ತಿರುವ ಗೃಹಸ್ಥನು ಈ ಶಾಸ್ತ್ರಕ್ಕೆ ಅಧಿಕಾರಿ. ಪಂಜರದಲ್ಲಿಡದೆ ಮನಬಂದಂತೆ ತಿರುಗಲು ಬಿಟ್ಟ ಸಾಕುಮೊಲವನ್ನು ಹಿಂಸ್ರಪ್ರಾಣಿಗಳಿಂದಲೂ ರೋಗಗಳಿಂದಲೂ ಕಾಪಾಡುವುದು ವಿಷಯ. ಬೆಳಗ್ಗೆ ಎದ್ದೊಡನೆ ಮನೆಯಲ್ಲಿ ಅಳು ಏಳದಂತೆ ನೋಡಿಕೊಳ್ಳುವುದು ಪ್ರಯೋಜನ. ಇನ್ನು ಸಂಬಂಧವೆಂಬುದು ಉಳಿದ ಗ್ರಂಥಗಳಲ್ಲಿ ಹೇಗೋ ಇಲ್ಲಿಯೂ ಹಾಗೆಯೇ, ಯಾರಿಗೂ ಸ್ಪಷ್ಟವಿಲ್ಲ.

ಮೊದಲು ಲಕ್ಷಣವಿಚಾರ. ನಮ್ಮ ಬಯಲುಸೀಮೆಯ ಕಾಡುಮೊಲವು ಬಿಲ ತೋಡುವುದಿಲ್ಲ. ಹುಲ್ಲಿನ ನಡುವೆ ಮೈಯೊತ್ತಿ ಮಾಡಿಕೊಂಡ ಗುಳಿಯಲ್ಲಿ ಮಲಗುವುದು. ಅದರ ಮರಿ ಕಣ್ತೆರೆದುಕೊಂಡೇ, ಮೈತುಂಬ ರೋಮವನ್ನು ಹೊದ್ದೇ ಭೂಮಿಗೆ ಬೀಳುವುದು. ಸಾಕುಮೊಲವಾದರೋ ಐರೋಪ್ಯ ಕುಲದ್ದು, ಐಬೀರಿಯ ಪರ್ಯಾಯದ್ವೀಪದ ಕಡೆಯಿಂದ ಬಂದದ್ದು. ಬಿಲ ತೋಡುವುದೇ ಅದರ ಸ್ವಧರ್ಮ. ಅದರ ಮರಿ ಕುರುಡಾಗಿ, ಬತ್ತಲೆಯಾಗಿ ಹುಟ್ಟಿ, ಹತ್ತು ದಿನದ ಸುಮಾರಿಗೆ ಕಣ್ಣು ಬಿಡುವುದು. ಈ ಭೇದವನ್ನು ಗಮನಿಸದಿದ್ದುದರಿಂದ ಎಷ್ಟು ಅನರ್ಥಗಳಾಗಿವೆಯೋ ಹೇಳತೀರದು. ಚಂದ್ರಮಂಡಲದಲ್ಲಿ ಕುಳಿತಿರುವುದು ಕಾಡುಮೊಲ; ಪಂಚತಂತ್ರದಲ್ಲಿ ಸಿಂಹವನ್ನು ಬಾವಿಗೆ ಕೆಡವಿದ್ದೂ ಕಾಡುಮೊಲ; 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ರಕ್ಷಣೆ ಕೊಟ್ಟಿರುವುದೂ ಕಾಡುಮೊಲಕ್ಕೇ. ಪೇಟೆಯಿಂದ ರಟ್ಟಿನ ಪೆಟ್ಟಿಗೆಯಲ್ಲಿ ಬಂದ ನಮ್ಮ ಮೊಲಕ್ಕೆ ಶ್ರುತಿಸ್ಮೃತಿಪುರಾಣಗಳಲ್ಲಿ ಯಾವ ಆಧಾರವೂ ಇಲ್ಲ. ಸಿಂಹವನ್ನು ಕೆಡವುವ ಮಾತು ಹಾಗಿರಲಿ, ಬೇಲಿಯಾಚೆ ನಾಯಿಯೊಂದು ಒಂದೇ ಸಮನೆ ಬೊಗಳಿದರೆ ಸಾಕು, ಮೈಮೇಲೆ ಒಂದು ಗೀರೂ ಬೀಳದೆ ಬರಿಯ ಭಯದಿಂದಲೇ ಪ್ರಾಣಬಿಡುವುದುಂಟು.

ಇಲ್ಲಿ ಸ್ವೈರವಾದಿಗಳ ಪೂರ್ವಪಕ್ಷ ಹೀಗೆ: ಮೊಲವು ಸ್ವಭಾವತಃ ಚುರುಕಾದುದು; ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಹೆಚ್ಚುಕಡಿಮೆ ಸುತ್ತಲೂ ಅದಕ್ಕೆ ಕಾಣುವುದು; ಅಪಾಯ ಕಂಡರೆ ಹಿಂಗಾಲನ್ನು ನೆಲಕ್ಕೆ ಬಡಿದು ತನ್ನವರನ್ನು ಎಚ್ಚರಿಸುವುದು; ಅಷ್ಟಲ್ಲದೆ ತುಂಗಭದ್ರೆಯ ದಡದಲ್ಲಿ ಹರಿಹರ ಬುಕ್ಕರ ಬೇಟೆನಾಯಿಗಳ ಮೇಲೆ ಮೊಲವೊಂದು ತಿರುಗಿಬಿದ್ದು ಅಟ್ಟಿತೆಂದೂ, ಅದನ್ನು ಕೇಳಿದ ವಿದ್ಯಾರಣ್ಯರು ಅದು ಗಂಡುಮೆಟ್ಟಿನ ನೆಲವೆಂದು ತಿಳಿದು ಅಲ್ಲಿಯೇ ರಾಜಧಾನಿಯನ್ನು ಕಟ್ಟಿಸಿದರೆಂದೂ ಐತಿಹ್ಯವಿರುವಾಗ, ಹಿತ್ತಿಲಿನ ಮೊಲಕ್ಕೆ ಕಾವಲೇಕೆ? ಈ ವಾದವು ನಿಲ್ಲಲಾರದು. ಐತಿಹ್ಯವು ಅರ್ಥವಾದ, ಅರ್ಥವಾದವು ಸ್ತುತಿಪರವೇ ಹೊರತು ವಿಧಿಪರವಲ್ಲವೆಂಬುದನ್ನು ಮೀಮಾಂಸಕರು ಎಂದೋ ಇತ್ಯರ್ಥಪಡಿಸಿದ್ದಾರೆ. ಮೇಲಾಗಿ ಆ ಮಹಿಮೆ ನೆಲದ್ದೇ ಹೊರತು ಮೊಲದ್ದಲ್ಲ; ಮೈಸೂರಿನ ಬಡಾವಣೆಯೊಂದರ ಮೂವತ್ತು ನಲವತ್ತರ ನಿವೇಶನಕ್ಕೆ ಗಂಡುಮೆಟ್ಟಿನ ಗುಣವನ್ನು ಪ್ರಾಧಿಕಾರದವರು ಕ್ರಯಪತ್ರದಲ್ಲಿ ಬರೆದುಕೊಟ್ಟಿಲ್ಲ. ಅಹಮದಾಬಾದಿನವರೂ ಇಂಥದೇ ಕತೆಯನ್ನು ತಮ್ಮ ಊರಿನ ವಿಷಯದಲ್ಲಿ ಹೇಳಿಕೊಳ್ಳುವುದನ್ನು ನೋಡಿದರೆ, ನಾಯಿಗಳನ್ನು ಅಟ್ಟುವ ಮೊಲಗಳು ರಾಜಧಾನಿ ಕಟ್ಟಲು ಜಾಗ ಹುಡುಕುವವರ ಕಣ್ಣಿಗೆ ಮಾತ್ರ ಬೀಳುತ್ತವೆಂದು ಊಹಿಸಬೇಕಾಗಿದೆ. ಇಷ್ಟಾದರೂ ಒಪ್ಪದೆ ತಾವು ಹಿಡಿದ ಮೊಲಕ್ಕೆ ಮೂರೇ ಕಾಲೆಂದು ಸಾಧಿಸುವವರಿಗೆ ನಾನು ಹೇಳುವುದಿಷ್ಟೆ: ಹಿಡಿದು ಒಳಗೆ ಬಿಡದ ಮೊಲಕ್ಕೆ ಬೆಳಗಾಗುವುದರೊಳಗೆ ನಿಜವಾಗಿಯೂ ಮೂರೇ ಕಾಲು ಉಳಿದಿರುವ ಸಂಭವವಿದೆ.

ಪಂಜರವಾದಿಗಳದು ಇನ್ನೊಂದು ಅತಿ. ಸದಾ ತಂತಿಯ ನೆಲದ ಮೇಲೆ ಕೂತ ಮೊಲದ ಹಿಮ್ಮಡಿ ಹುಣ್ಣಾಗುತ್ತದೆ, ಓಡಾಟವಿಲ್ಲದೆ ಮೂಳೆ ಬಲಗುಂದುತ್ತದೆ, ಮೈ ಕೊಬ್ಬುತ್ತದೆ. ಅವರ ವಿಷಯ ಇಷ್ಟು ಸಾಕು.

ಪ್ರಸಂಗವಶಾತ್ ನ್ಯಾಯಶಾಸ್ತ್ರದ ಒಂದು ತಿದ್ದುಪಡಿಯನ್ನು ಇಲ್ಲಿಯೇ ಸೂಚಿಸಬಹುದು. ಎಂದೂ ಎಲ್ಲಿಯೂ ಇಲ್ಲದ ವಸ್ತುವಿಗೆ ಶಶವಿಷಾಣವನ್ನು, ಎಂದರೆ ಮೊಲದ ಕೊಂಬನ್ನು, ನಮ್ಮ ತಾರ್ಕಿಕರು ತಲೆತಲಾಂತರದಿಂದ ದೃಷ್ಟಾಂತವಾಗಿ ಕೊಡುತ್ತ ಬಂದಿದ್ದಾರೆ. ಆದರೆ 1933ರಲ್ಲಿ ರಿಚರ್ಡ್ ಶೋಪ್ ಎಂಬ ಅಮೆರಿಕದ ವೈದ್ಯವಿಜ್ಞಾನಿಯು, ಆ ದೇಶದ ಕಾಡುಮೊಲಗಳ ಮೈಮೇಲೆ ಕಪ್ಪಗೆ, ಗಟ್ಟಿಯಾಗಿ, ಕೊಂಬಿನ ಹಾಗೆ ಬೆಳೆಯುವ ಗಂಟುಗಳಿಗೆ ವೈರಸ್ ಕಾರಣವೆಂದು ತೋರಿಸಿಕೊಟ್ಟನು. ಆದುದರಿಂದ ಶಶವಿಷಾಣವು ಅತ್ಯಂತಾಸತ್ತಲ್ಲ, ಚರ್ಮರೋಗ. ತಾರ್ಕಿಕರು ಇನ್ನು ಮುಂದೆ ಆಕಾಶಕುಸುಮದಿಂದಲೇ ತೃಪ್ತರಾಗತಕ್ಕದ್ದು.

ಈಗ ಹಿಂಸ್ರಪ್ರಾಣಿಗಳ ಪ್ರಕರಣ. ಒಂದು ಮುಂಜಾನೆ ನಮ್ಮ ಹಿತ್ತಿಲಿನಲ್ಲಿ ಮರಿಯೊಂದು ಕಾಣೆಯಾದಾಗ ಕರ್ತೃವಿಚಾರದಲ್ಲಿ ಮೂರು ಮತಗಳು ಹುಟ್ಟಿಕೊಂಡವು: ಹದ್ದೆಂದು ಮಕ್ಕಳು, ಬೆಕ್ಕೆಂದು ಕೆಲಸದಾಕೆ, ಹಾವೆಂದು ನನ್ನ ಅತ್ತೆಯವರು. ಕವಿರಾಜಮಾರ್ಗದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆಯಲ್ಲಿ ಹಿರಿಯ ವಿದ್ವಾಂಸರು ವ್ಯಯಿಸಿದ ಶ್ರದ್ಧೆಯ ಒಂದಂಶವನ್ನಾದರೂ ಇಲ್ಲಿ ತೋರುವುದು ನನ್ನ ಕರ್ತವ್ಯವೆಂದು ತಿಳಿದು, ಅಂತರಂಗ ಬಹಿರಂಗ ಪ್ರಮಾಣಗಳನ್ನು ಸಂಗ್ರಹಿಸತೊಡಗಿದೆನು. ನಾಯಿಯ ಶೈಲಿ ಆಡಂಬರದ್ದು; ಬಲೆಯನ್ನು ಹರಿದು, ಸಿಕ್ಕಿದ್ದನ್ನೆಲ್ಲ ಕೊಂದು, ಬಹುಮಟ್ಟಿಗೆ ತಿನ್ನದೆಯೇ ಬಿಟ್ಟುಹೋಗುವುದು. ಬೆಕ್ಕು ಮಿತಭಾಷಿ, ಗೋಡೆಯ ಮೇಲೆ ಒಂದು ಹಿಡಿ ತುಪ್ಪಟವೇ ಅದರ ಅಂಕಿತ. ಹಾವಿನ ಕೃತಿಯಲ್ಲಿ ರಕ್ತವಿಲ್ಲ, ರೋಮವಿಲ್ಲ, ಗದ್ದಲವಿಲ್ಲ, ಎಣಿಕೆಯಲ್ಲಿ ಒಂದು ಕಡಿಮೆ ಇರುತ್ತದೆ, ಅಷ್ಟೆ. ಹದ್ದು ಹಗಲಿನ ಕವಿ, ಮೇಲಾಗಿ ಸಣ್ಣ ಮರಿಗಳ ಕವಿ. ಎರಡು ಕಿಲೋ ತೂಗುವ ಬಲಿತ ಮೊಲವನ್ನು ಅದು ಎತ್ತಲಾರದು. ನಮ್ಮ ಪ್ರಕರಣದಲ್ಲಾದರೋ ನುಗ್ಗೆಮರದ ಬುಡದಲ್ಲಿ, ಗೂಡಿನ ತಳಕ್ಕೆ ಸರಿಯಾಗಿ, ರಾತ್ರಿಯಷ್ಟೆ ತೋಡಿದ ಹಸಿಮಣ್ಣಿನ ಗುಪ್ಪೆಯಿದ್ದು, ಬಿಲದ ಬಾಯಲ್ಲಿ ಬಿಳಿಯ ಕೂದಲೆರಡು ಅಂಟಿಕೊಂಡಿದ್ದವು. ಮೂರು ಮತಗಳನ್ನೂ ಖಂಡಿಸಿ ಹೆಗ್ಗಣವೇ ಕರ್ತೃವೆಂದು ಸ್ಥಾಪಿಸಿದೆನು. ಸಂಶೋಧನೆ ಸಫಲವಾಯಿತು; ಮರಿ ಮಾತ್ರ ಸಿಕ್ಕಲಿಲ್ಲ.

ಆದಕಾರಣ ಬೇಲಿಯ ವಿಚಾರವನ್ನು ತಳದಿಂದಲೇ ಆರಂಭಿಸಬೇಕು. ಕೋಳಿಬಲೆಯೆಂದು ಅಂಗಡಿಯಲ್ಲಿ ಮಾರುವ ತೆಳುತಂತಿಯು ಮೊಲವನ್ನು ಒಳಗಿಡುವುದೇ ವಿನಾ ನಾಯಿಯನ್ನು ಹೊರಗಿಡುವುದಿಲ್ಲ. ಅರ್ಧ ಅಂಗುಲದ ಕಣ್ಣಿನ, ಬೆಸುಗೆ ಹಾಕಿದ ಗಟ್ಟಿ ಜಾಲರಿಯನ್ನು ಒಂದಡಿಯಾದರೂ ನೆಲದೊಳಕ್ಕೆ ಹೂತು, ಅದರ ಅಂಚನ್ನು ಹೊರಮುಖವಾಗಿ ಬಗ್ಗಿಸಿಟ್ಟರೆ, ಹೊರಗಿನಿಂದ ತೋಡುವ ಹೆಗ್ಗಣಕ್ಕೂ ಮುಂಗುಸಿಗೂ ತಂತಿಯೇ ಎದುರಾಗುವುದು. ಮೇಲಕ್ಕೂ ಜಾಲರಿಯ ಚಾವಣಿ ಬೇಕು. ಬೆಕ್ಕಿಗೆ ಗೋಡೆಯೆಂಬುದು ಕಟ್ಟಡವಲ್ಲ, ರಸ್ತೆ. ಬೇಲಿಯ ಶಕ್ತಿಯಲ್ಲಿ ಅತಿಯಾದ ನಂಬಿಕೆಯುಳ್ಳವರು ಆಸ್ಟ್ರೇಲಿಯದ ಚರಿತ್ರೆಯನ್ನು ನೋಡಬೇಕು. 1859ರಲ್ಲಿ ವಿಕ್ಟೋರಿಯ ಪ್ರಾಂತದ ಥಾಮಸ್ ಆಸ್ಟಿನ್ ಎಂಬ ಜಮೀನುದಾರನು ಬೇಟೆಯ ವಿನೋದಕ್ಕಾಗಿ ಇಂಗ್ಲೆಂಡಿನಿಂದ ತರಿಸಿ ಬಿಟ್ಟ ಒಂದೆರಡು ಡಜನ್ ಮೊಲಗಳ ಸಂತತಿಯು ದೇಶವನ್ನೇ ಆವರಿಸುತ್ತ ಬಂದಾಗ, ಅವನ್ನು ತಡೆಯಲೆಂದು ಪಶ್ಚಿಮ ಆಸ್ಟ್ರೇಲಿಯದ ಸರ್ಕಾರವು 1901ರಿಂದ 1907ರವರೆಗೆ ಬೇಲಿ ಹಾಕಿಸಿತು. ಮೊದಲನೆಯ ಬೇಲಿಯೊಂದೇ 1,833 ಕಿಲೋಮೀಟರು. ಅದು ಮುಗಿಯುವ ಮುನ್ನವೇ ಮೊಲಗಳು ಆಚೆ ದಾಟಿದ್ದವು. ಸರ್ಕಾರವೊಂದು ಮೊಲವನ್ನು ತಡೆಯಲಾರದ ಕಡೆ, ಪಿಂಚಣಿದಾರನೊಬ್ಬನು ಬೆಕ್ಕನ್ನು ತಡೆಯಬಲ್ಲನೆಂದು ನಂಬುವುದು ಸಾಹಸವೇ ಸರಿ.

ಹೀಗಿರಲಾಗಿ ಬೇಲಿಯ ಜೊತೆಗೆ ಕಾಲನಿಯಮವೂ ಅಗತ್ಯ. ಮೊಲವು ಮುಂಜಾವಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಚಟುವಟಿಕೆಯಿಂದಿರುವ ಜೀವಿ. ದುರ್ದೈವದಿಂದ ಬೆಕ್ಕು ಹೊರಡುವುದೂ ಗೂಬೆ ಕಣ್ಣುಜ್ಜಿಕೊಳ್ಳುವುದೂ ಅದೇ ಹೊತ್ತಿನಲ್ಲಿ. ಆದುದರಿಂದ ಹಗಲು ಹಿತ್ತಿಲು, ಸಂಜೆಯಿಂದ ಭದ್ರವಾದ ಗೂಡು ಎಂಬುದೇ ಸಿದ್ಧಾಂತ. ಇದನ್ನು ಆಚರಿಸತೊಡಗಿದ ಮೇಲೆ ಪ್ರಕೃತ ಲೇಖಕನು ಸಂಜೆಯ ಉಪನ್ಯಾಸಗಳಿಗೆ ಹೋಗುವುದನ್ನೂ, ಮದುವೆಯ ಆರತಕ್ಷತೆಗಳಲ್ಲಿ ಕಾಣಿಸಿಕೊಳ್ಳುವುದನ್ನೂ ಬಿಡಬೇಕಾಗಿ ಬಂದಿದೆ. ದಾಸವಾಳದ ಗಿಡದ ಕೆಳಗೆ ಮಂಡಿಯೂರಿ, ಕೈಯಲ್ಲಿ ಕೊತ್ತಂಬರಿ ಸೊಪ್ಪನ್ನು ಹಿಡಿದು, ಆಚೆಯಿಂದ ನುಗ್ಗಿದರೆ ಈಚೆಯಿಂದ ಜಾರಿಕೊಳ್ಳುವ ಮೊಲವನ್ನು ಬಗೆಬಗೆಯಾಗಿ ಸಂಬೋಧಿಸುತ್ತಿರುವಾಗ, ಅಡುಗೆಮನೆಯ ಕಿಟಕಿಯಿಂದ "ಏನ್ರೀ, ಇನ್ನೂ ಒಳಗೆ ಬರಲಿಲ್ವಾ?" ಎಂಬ ಪ್ರಶ್ನೆ ಬರುವುದು. ಪ್ರಶ್ನೆ ಮೊಲವನ್ನು ಕುರಿತದ್ದೋ ನನ್ನನ್ನು ಕುರಿತದ್ದೋ ಎಂಬುದು ವಿಚಾರಾರ್ಹ. ಸ್ವೈರವಿಹಾರವೆಂಬುದು ಒಂದು ಹಿತ್ತಿಲಿಗೆ ಒಬ್ಬರಿಗೆ ಮಾತ್ರ ಸಾಧ್ಯವಾದದ್ದೆಂದು ನನ್ನ ಮತ.

ರೋಗನಿವಾರಣೆಯ ಕರ್ಮಗಳು ನಿತ್ಯ, ನೈಮಿತ್ತಿಕ, ಕಾಮ್ಯವೆಂದು ಮೂರು ವಿಧ. ನಿತ್ಯಕರ್ಮವನ್ನು ಮಾಡಿದರೆ ವಿಶೇಷ ಫಲವಿಲ್ಲ, ಬಿಟ್ಟರೆ ಪ್ರತ್ಯವಾಯವುಂಟು ಎಂಬ ಪ್ರಾಚೀನರ ಲಕ್ಷಣವು ಮೊಲದ ಹಿಂಭಾಗವನ್ನು ಪ್ರತಿದಿನ ಪರೀಕ್ಷಿಸುವ ಕರ್ಮಕ್ಕೆ ಎಷ್ಟು ಚೆನ್ನಾಗಿ ಹೊಂದುವುದೆಂದರೆ, ಅವರು ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳಿದರೇನೋ ಎನ್ನಿಸುವುದು. ಬಾಲದ ಬುಡದ ರೋಮ ಒದ್ದೆಯಾಗಿ ಕೊಳೆಯಾಗಿದ್ದರೆ ಅಲ್ಲಿ ನೊಣ ಮೊಟ್ಟೆಯಿಡುತ್ತದೆ. ಒಂದು ದಿನದೊಳಗೆ ಹುಳುಗಳು ಹೊರಬಂದು ಬದುಕಿರುವ ಮಾಂಸವನ್ನೇ ತಿನ್ನತೊಡಗುತ್ತವೆ. ಅನಂತರ ಹಿಕ್ಕೆ. ದುಂಡಗೆ, ಒಣಗಿ, ಹುಲ್ಲಿನ ನಾರು ಕಾಣುವಂತಿದ್ದರೆ ಆ ದಿನ ಮನೆಯಲ್ಲಿ ಎಲ್ಲರಿಗೂ ಕ್ಷೇಮ. ಹನ್ನೆರಡು ಗಂಟೆಗಳ ಕಾಲ ಮೊಲ ಏನನ್ನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಮುದುಡಿ ಕುಳಿತಿದ್ದರೆ ಜೀರ್ಣಾಂಗ ಸ್ತಬ್ಧವಾಗುತ್ತಿದೆಯೆಂದು ತಿಳಿದು, ಪಂಚಾಂಗ ನೋಡದೆ ಪಶುವೈದ್ಯರಲ್ಲಿಗೆ ಹೊರಡತಕ್ಕದ್ದು.

ಇಲ್ಲೊಂದು ಆಚಾರಸಂಕಟ. ಗಟ್ಟಿ ಹಿಕ್ಕೆಯಲ್ಲದೆ, ದ್ರಾಕ್ಷಿಗೊಂಚಲಿನಂತೆ ಮೃದುವಾದ ಇನ್ನೊಂದು ಬಗೆಯನ್ನೂ ಮೊಲವು ವಿಸರ್ಜಿಸಿ, ಅದನ್ನು ನೆಲಕ್ಕೆ ಬೀಳಗೊಡದೆ ನೇರವಾಗಿ ಬಾಯಲ್ಲಿ ಸ್ವೀಕರಿಸುವುದು. ಇದನ್ನು ಕಂಡ ನನ್ನ ಅತ್ತೆಯವರು "ಅಳಿಯಂದಿರೇ, ಇನ್ನು ಇದು ದೇವರಮನೆ ಕಡೆ ಸುಳಿಯಕೂಡದು" ಎಂದು ಅಪ್ಪಣೆ ಕೊಡಿಸಿದರು. ಅದು ರೋಗವಲ್ಲ, ಹುಲ್ಲಿನ ಸತ್ತ್ವವನ್ನು ಎರಡನೆಯ ಸಲಕ್ಕೆ ಪೂರ್ತಿ ಹೀರಿಕೊಳ್ಳುವ ಉಪಾಯ, ದನ ಮೆಲುಕು ಹಾಕುವುದಕ್ಕೂ ಇದಕ್ಕೂ ದಾರಿಯ ವ್ಯತ್ಯಾಸ ಮಾತ್ರ ಎಂದು ನಾನು ಬಿನ್ನವಿಸಿದುದು ವ್ಯರ್ಥವಾಯಿತು. ಗಣಪತಿಗೆಂದು ಎಣಿಸಿಟ್ಟಿದ್ದ 21 ಗರಿಕೆಯನ್ನು ಅದು ಹಿಂದಿನ ವಾರವಷ್ಟೆ ಆರೋಗಿಸಿದ್ದುದೂ ತೀರ್ಪಿನ ಮೇಲೆ ಪ್ರಭಾವ ಬೀರಿದ್ದಿರಬೇಕು. ಗರಿಕೆಯನ್ನು ತಿಂದದ್ದು ತಪ್ಪಲ್ಲ. ಮೊಲದ ಹಲ್ಲು ಆಯುಷ್ಯವಿರುವವರೆಗೂ ಬೆಳೆಯುತ್ತಲೇ ಇರುವುದರಿಂದ, ಸವೆಯಲು ಹುಲ್ಲೇ ಬೇಕು. ಚಿತ್ರಪುಸ್ತಕಗಳು ಹೇಳುವ ಕ್ಯಾರೆಟ್ಟು ಸಿಹಿತಿಂಡಿಯ ವರ್ಗಕ್ಕೆ ಸೇರತಕ್ಕದ್ದು.

ಕಾಕ್ಸಿಡಿಯೋಸಿಸ್ ಎಂಬ ಕರುಳಿನ ವ್ಯಾಧಿ ಮರಿಗಳ ಪಾಲಿಗೆ ಬೆಕ್ಕಿಗಿಂತ ಕ್ರೂರ. ಅದರ ಬೀಜಕೋಶಗಳು ಹಿಕ್ಕೆಯೊಡನೆ ಹೊರಬಿದ್ದ ಕೂಡಲೇ ಸೋಂಕಲಾರವು; ತೇವದಲ್ಲಿ ಎರಡು ಮೂರು ದಿನ ಪಕ್ವವಾಗಬೇಕು. ಎಂದಮೇಲೆ ದಿನವೂ ಗುಡಿಸಿ ಒಣಗಿಸಿದವನ ಹಿತ್ತಿಲಿನಲ್ಲಿ ಅವುಗಳ ವಿದ್ಯಾಭ್ಯಾಸ ಪೂರ್ತಿಯಾಗುವುದಿಲ್ಲ. ಕಿವಿಯೊಳಗೆ ಕಂದು ಹಕ್ಕಳೆ ಕಟ್ಟಿದರೆ ಅದು ನುಸಿ. ಕಿತ್ತರೆ ರಕ್ತ ಬರುವುದರಿಂದ ಕೀಳಕೂಡದು, ತೂಕ ನೋಡಿ ವೈದ್ಯರು ಕೊಡುವ ಮದ್ದಿನಿಂದ ತಾನೇ ಉದುರುವುದು. ನಾಯಿಯ ಉಣ್ಣೆಗೆಂದು ತಂದಿಟ್ಟ ಫಿಪ್ರೊನಿಲ್ ಮೊಲಕ್ಕೆ ವಿಷ. ಮಕ್ಕಳ ಜ್ವರಕ್ಕೆ ತಂದು ಮಿಕ್ಕ ಅಮಾಕ್ಸಿಸಿಲಿನ್ ಬಾಯಿಯ ಮೂಲಕ ಹೋದರೆ ಕರುಳಿನ ಉಪಕಾರಿ ಜೀವಾಣುಗಳನ್ನು ಕೊಂದು ಮೊಲವನ್ನೂ ಕೊಲ್ಲುವುದು. ನೈಮಿತ್ತಿಕಗಳಲ್ಲಿ ಮುಖ್ಯವಾದುವು ಎರಡು: ಚೈತ್ರ ವೈಶಾಖಗಳ ಬಿಸಿಲಿನಲ್ಲಿ ನೀರು ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆ ಸುತ್ತಿ ಮಗ್ಗುಲಲ್ಲಿಡುವುದು, ದೀಪಾವಳಿಯ ಪಟಾಕಿಯ ರಾತ್ರಿ ಮನೆಯೊಳಕ್ಕೆ ತಂದುಕೊಳ್ಳುವುದು.

ರೋಗವನ್ನು ತಡೆಯುವವರಿರುವಂತೆ ತರುವವರೂ ಇದ್ದಾರೆ. 1952ರಲ್ಲಿ ಫ್ರಾನ್ಸಿನ ಆರ್ಮಾಂ ದೆಲೀಲ್ ಎಂಬ ನಿವೃತ್ತ ವೈದ್ಯನು, ತನ್ನ ಎಸ್ಟೇಟಿನ ಬೆಳೆಯನ್ನು ಮೊಲಗಳಿಂದ ಉಳಿಸಿಕೊಳ್ಳಲೆಂದು ಎರಡು ಮೊಲಗಳಿಗೆ ಮಿಕ್ಸೊಮಟೋಸಿಸ್ ವ್ಯಾಧಿಯನ್ನು ಚುಚ್ಚಿ ಬಿಟ್ಟನು. ಸುತ್ತ ಗೋಡೆಯಿದ್ದುದರಿಂದ ವ್ಯಾಧಿ ಆಚೆ ಹೋಗದೆಂದು ಅವನ ಎಣಿಕೆ. ಚಿಗಟ ಸೊಳ್ಳೆಗಳು ಆ ಎಣಿಕೆಯನ್ನು ಓದಿಕೊಂಡಿರಲಿಲ್ಲವಾದ ಕಾರಣ, ಕೆಲವೇ ವರ್ಷಗಳಲ್ಲಿ ಯೂರೋಪಿನ ಬಿಲವಾಸಿ ಕಾಡುಮೊಲಗಳಲ್ಲಿ ಬಹುಪಾಲು ಕಣ್ಣು ಊದಿ ಸತ್ತವು. ಅವನಿಗೆ ನ್ಯಾಯಾಲಯ ದಂಡ ಹಾಕಿತು; ಅನಂತರ ಅರಣ್ಯದವರು ಕರೆದು ಪದಕವನ್ನೂ ಕೊಟ್ಟರು.

ಉಳಿದದ್ದು ಕಾಮ್ಯ. ಸಂತಾನವನ್ನು ಬಯಸದವನು ಶಸ್ತ್ರಚಿಕಿತ್ಸೆಯನ್ನು ಮಾಡಿಸತಕ್ಕದ್ದು. ಹೆಣ್ಣುಮೊಲಕ್ಕೆ ಅದರಿಂದ ಗರ್ಭಕೋಶದ ಅರ್ಬುದವೂ ತಪ್ಪುವುದು. 1202ರ ತನ್ನ ಗ್ರಂಥದಲ್ಲಿ ಇಟಲಿಯ ಫಿಬೊನಾಚಿಯು ಒಂದು ಜೊತೆ ಮೊಲದಿಂದ ವರ್ಷಾಂತ್ಯಕ್ಕೆ 377 ಜೊತೆಯಾಗುವುದೆಂದು ಲೆಕ್ಕಹಾಕಿದ್ದಾನೆ. ಅವನ ಮೊಲಗಳಿಗೆ ಬೆಕ್ಕಿಲ್ಲ, ಹೆಗ್ಗಣವಿಲ್ಲ, ಕಾಕ್ಸಿಡಿಯೋಸಿಸ್ ಇಲ್ಲ. ಅವನಿಗಿಂತ ಮುಂಚೆಯೇ ನಮ್ಮ ಹೇಮಚಂದ್ರಾಚಾರ್ಯನು ಮಾತ್ರಾವೃತ್ತಗಳ ಪ್ರಸ್ತಾರದಲ್ಲಿ ಅದೇ ಸಂಖ್ಯಾಶ್ರೇಣಿಯನ್ನು ಲಘುಗುರುಗಳಿಂದ ಸಾಧಿಸಿದ್ದನು. ಲಘುಗುರುಗಳಿಗೆ ಜಾಲರಿಯ ಖರ್ಚಿಲ್ಲವೆಂಬುದನ್ನು ಗಮನಿಸಿದರೆ ಆಚಾರ್ಯನ ವಿವೇಕವೇ ಮಿಗಿಲು. ಎರಡೂ ಹೆಣ್ಣೇ ಎಂದು ನಮಗೆ ಮಾರಿದ ಅಂಗಡಿಯವನ ಮಾತು ಆಪ್ತವಾಕ್ಯವಲ್ಲವೆಂಬುದು ಮೂವತ್ತೊಂದನೆಯ ದಿನಕ್ಕೆ, ತಾಯಿ ತನ್ನ ಎದೆಯ ತುಪ್ಪಟವನ್ನೇ ಕಿತ್ತು ಹಾಸಿದ ಗೂಡಿನಲ್ಲಿ ಪ್ರತ್ಯಕ್ಷಪ್ರಮಾಣದಿಂದ ಸಿದ್ಧವಾಯಿತು. ಹೆತ್ತ ದಿನವೇ ಮೊಲವು ಮತ್ತೆ ಗರ್ಭ ಧರಿಸಬಲ್ಲದೆಂಬುದು ಅದರ ಮುಂದಿನ ತಿಂಗಳು ತಿಳಿಯಿತು.

ಕಡೆಯದಾಗಿ ವಿಜ್ಞಾಪನೆ. ಈ ಪ್ರಬಂಧವನ್ನು ಮೆಚ್ಚಿದ ಸಹೃದಯರಿಗೆ ಇದರ ಪ್ರತಿಯೊಂದರ ಜೊತೆಗೆ, ಎಂಟು ವಾರ ತುಂಬಿದ ಮರಿಯೊಂದನ್ನು ಉಚಿತವಾಗಿ ಕೊಡಲಾಗುವುದು. ಅಂಚೆಯಲ್ಲಿ ಕಳುಹಿಸುವ ಪದ್ಧತಿಯಿಲ್ಲ. ಅರ್ಧ ಅಂಗುಲದ ಜಾಲರಿ ಕೊಂಡ ರಸೀದಿಯೊಡನೆ ಸ್ವತಃ ಬರತಕ್ಕದ್ದು; ಪ್ರಬಂಧವನ್ನು ಮೆಚ್ಚದವರು ಮರಿಯನ್ನಷ್ಟೇ ಒಯ್ದರೂ ಲೇಖಕನ ಆಕ್ಷೇಪಣೆಯಿಲ್ಲ.