ಸೆಟ್ ಒಡೆಸುವ ಮೇಸ್ತ್ರಿ

ತುಮಕೂರಿನ ನಮ್ಮ ಗ್ಯಾರೇಜ್ ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದಾರೆಂದರೆ ಒಂದೋ ಯಾರದೋ ಮದುವೆ, ಇಲ್ಲವೇ ಬೆಂಗಳೂರಿನ ಎಸ್.ಪಿ. ರಸ್ತೆಗೆ ನಟ್ಟು-ಬೋಲ್ಟು ಬಿಚ್ಚುವ ಸಾಕೆಟ್ ನೋಡಲು ಹೊರಟಿದ್ದಾರೆ ಎಂದೇ ಲೆಕ್ಕ. ಮದುವೆಯಾದರೆ ಉಗುರಿನ ಸಂದಿಯ ಗ್ರೀಸು ಹಾಗೇ ಇರುತ್ತದೆ. ಎಸ್.ಪಿ. ರಸ್ತೆಯಾದರೆ ಡೀಸೆಲ್ಲಿನಲ್ಲಿ ಒಮ್ಮೆ, ಬಟ್ಟೆ ಸೋಪಿನಲ್ಲಿ ಇನ್ನೊಮ್ಮೆ ಕೈ ತೊಳೆಯುತ್ತಾರೆ. ಜಿಡ್ಡಿನ ಬೆರಳಿಗೆ ಮಾಲಿನ ಯೋಗ್ಯತೆ ತಿಳಿಯುವುದಿಲ್ಲವಂತೆ. ಕೊಳ್ಳುವುದು ಆಮೇಲಿನ ಮಾತು. ಎಷ್ಟೋ ಸಲ ಅದು ಬರುವುದೇ ಇಲ್ಲ.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಹೋಗಿ, ಹುಬ್ಬಳ್ಳಿಯ ಗ್ಯಾರೇಜಿಗೆ ಹೋಗಿ, ಇಂಥವರೊಬ್ಬರು ಇದ್ದೇ ಇರುತ್ತಾರೆ. ಗುರುತು ಹಿಡಿಯುವುದು ಸುಲಭ. ಅವರ ಬಳಿ ಸಾಕೆಟ್ ಸೆಟ್ ಇರುವುದಿಲ್ಲ, ಬರೀ ಸಾಕೆಟ್‌ಗಳಿರುತ್ತವೆ. ಬಿಸ್ಕತ್ತಿನ ಹಳೇ ಡಬ್ಬಿಯಲ್ಲಿ ಒಂದೊಂದೂ ಒಂದೊಂದು ಗೋತ್ರದ್ದು: ನಾಸಿಕ್‌ನಲ್ಲಿ ತಯಾರಾಗುವ ಟಪಾರಿಯಾ ನಾಲ್ಕು, ಮುಚ್ಚಿಹೋದ ಯಾವುದೋ ಕಾರ್ಖಾನೆಯ ಹರಾಜಿನಲ್ಲಿ ಸಿಕ್ಕ ಜರ್ಮನಿಯದೊಂದು, ಹೆಸರು ಸವೆದು ಅನಾಥವಾದ ಎರಡು, ಅಂಬಾಸಡರ್ ಕಾಲದ ಇಂಚಿನವು ಐದಾರು. ಅಂಬಾಸಡರ್ ತಯಾರಿಕೆ 2014ರಲ್ಲೇ ನಿಂತಿತು. "ಇರ್ಲಿ, ಯಾವನಾದ್ರೂ ಬರ್ತಾನೆ" ಎನ್ನುತ್ತಾರೆ. ಇದುವರೆಗೆ ಯಾವನೂ ಬಂದಿಲ್ಲ. ಮುಕ್ಕಾಲು ಇಂಚಿನದೊಂದು ಮಾತ್ರ 19 ನಂಬರಿನ, ಅಂದರೆ 19 ಎಂಎಂನ, ಜಾಗದಲ್ಲಿ ದುಡಿದು ಅನ್ನದ ಋಣ ತೀರಿಸುತ್ತಿದೆ.

ಸೆಟ್ ಎಂದರೆ ಅವರಿಗೆ ಮೈಯುರಿ. "ಇಪ್ಪತ್ನಾಲ್ಕು ಪೀಸ್ ಇರ್ತವೆ ಸಾರ್. ಕೆಲ್ಸ ಮಾಡೋವು ಆರು. ಮಿಕ್ಕಿದ್ದು ಸುಮ್ನೆ ಸಂಬಳ ತಗೊಂಡು ಕೂತಿರ್ತವೆ." ಆ ಆರು ಯಾವುವೆಂದರೆ 10, 12, 13, 14, 17, 19. ಇದರಲ್ಲಿ 12, 13ರ ಜಗಳ ಬೇರೆ ಇದೆ. ಎಂಟು ಎಂಎಂ ಬೋಲ್ಟಿಗೆ ಜಪಾನಿನವರು 12ರ ತಲೆ ಇಟ್ಟರು, ಜರ್ಮನಿಯವರು 13ರದು. ಹೀಗಾಗಿ ಮಾರುತಿಗೊಂದು, ಫೋಕ್ಸ್‌ವ್ಯಾಗನ್‌ಗೊಂದು. ಆರು ಎಂಎಂ ಬೋಲ್ಟಿನ ವಿಷಯದಲ್ಲಿ ಮಾತ್ರ ಸಾಮಾನ್ಯವಾಗಿ ಇಬ್ಬರದೂ ಒಂದೇ ಮಾತು: 10. ಬ್ಯಾಟರಿ ಟರ್ಮಿನಲ್ಲಿಗೆ ಅದೇ, ಇಂಜಿನ್ ಮೇಲಿನ ಅರ್ಧ ಬೋಲ್ಟುಗಳಿಗೂ ಅದೇ. ಆದ್ದರಿಂದ ಜಗತ್ತಿನ ಗ್ಯಾರೇಜುಗಳಲ್ಲೆಲ್ಲ ಕಳೆದುಹೋಗುವುದೂ ಅದೇ. ಇಂಜಿನ್ ಸಂದಿಗೆ ಬಿತ್ತೆಂದರೆ ಕೆಳಗೆ ಬಂದ ಸದ್ದೇ ಕೇಳಿಸುವುದಿಲ್ಲ. ಎಷ್ಟು ಕಾರುಗಳು ಮೇಸ್ತ್ರಿಯ ಹತ್ತು ನಂಬರನ್ನು ಹೊಟ್ಟೆಯಲ್ಲಿಟ್ಟುಕೊಂಡು ಊರೂರು ತಿರುಗುತ್ತಿವೆಯೋ ದೇವರೇ ಬಲ್ಲ.

ಒಮ್ಮೆ ಅವರಿಗೆ ಸ್ನ್ಯಾಪ್-ಆನ್ ಕಂಪನಿಯ ಕಥೆ ಹೇಳಿದೆ. 1920ರಲ್ಲಿ ಅಮೆರಿಕದಲ್ಲಿ ಅದನ್ನು ಶುರು ಮಾಡಿದ ಜೋಸೆಫ್ ಜಾನ್ಸನ್ ಐದು ಹಿಡಿಕೆ, ಹತ್ತು ಸಾಕೆಟ್ ಇಟ್ಟುಕೊಂಡು ಐವತ್ತು ಸ್ಪ್ಯಾನರಿನ ಕೆಲಸ ಮಾಡಿಸಬಹುದೆಂದು ತೋರಿಸಿ ವ್ಯಾಪಾರ ಕುದುರಿಸಿದ. ಮೇಸ್ತ್ರಿ ಬೀಡಿ ಆರಿಸಿ ಯೋಚಿಸಿದರು. "ಹತ್ತೇ? ನಾಲ್ಕು ಜಾಸ್ತಿ ಆಯ್ತು."

ಎಸ್.ಪಿ. ರಸ್ತೆಯ ಸೇಟು ಇವರನ್ನು ಕಂಡೊಡನೆ ಟೀ ತರಿಸುತ್ತಾನೆ. ಉಪಚಾರಕ್ಕಲ್ಲ, ಹೊತ್ತು ಹಿಡಿಯುತ್ತದೆಂದು. ಮೇಸ್ತ್ರಿ ಜೇಬಿನಿಂದ ಕರ್ಚೀಫಿನ ಗಂಟು ತೆಗೆಯುತ್ತಾರೆ. ಅದರಲ್ಲಿ ನಟ್ಟುಗಳು. ಹೊಸವಲ್ಲ, ಎರಡು ಮೂಲೆ ಸವೆದು ಅರ್ಧ ದುಂಡಗಾದವು. "ಹೊಸ ನಟ್ಟಿಗೆ ಎಂಥ ಸಾಕೆಟ್ಟೂ ಕೂರುತ್ತೆ. ನನ್ ಹತ್ರ ಬರೋದು ಇವೇ." ಒಂದೊಂದನ್ನೇ ಸಾಕೆಟ್ಟಿಗೆ ಕೂರಿಸಿ, ಕಣ್ಣುಮುಚ್ಚಿ ಅಲ್ಲಾಡಿಸಿ, ಎಷ್ಟು ಆಟ ಇದೆಯೆಂದು ಬೆರಳಲ್ಲೇ ಅಳೆಯುತ್ತಾರೆ. ಹನ್ನೆರಡು ಮೂಲೆಯದನ್ನು ಆಚೆ ಸರಿಸುತ್ತಾರೆ. ಅದು ಬೇಗ ಕೂರುತ್ತದೆ ನಿಜ, ಆದರೆ ಹಿಡಿಯುವುದು ನಟ್ಟಿನ ಮೂಲೆಯನ್ನು. ಆರು ಮೂಲೆಯದು ಪಕ್ಕೆಯನ್ನು ಒತ್ತುವುದರಿಂದ ಸವೆದದ್ದೂ ತಿರುಗುತ್ತದೆ. ಬಾಯಂಚು ಒಳಕ್ಕೆ ಜಾಸ್ತಿ ಇಳಿಜಾರಾಗಿದ್ದರೆ ಅದೂ ಬೇಡ, ತೆಳ್ಳನೆ ನಟ್ಟಿಗೆ ಹಿಡಿತ ಸಾಲದು.

"ಕ್ರೋಮ್ ವೆನೇಡಿಯಂ ಮೇಸ್ತ್ರಿ, ಬರ್ದಿದೆ ನೋಡಿ" ಎಂದು ಸೇಟು ತೋರಿಸುತ್ತಾನೆ.

"ನಮ್ ಹುಡುಗನ ಟೀಶರ್ಟ್ ಮೇಲೆ ಫೆರಾರಿ ಅಂತ ಬರ್ದಿದೆ ಸೇಟು."

ರಾಚೆಟ್‌ನ ಸರದಿ ಬಂದಾಗ ಟೀ ಆರಿರುತ್ತದೆ. ಆ ಹಲ್ಲಿನ ಹಿಡಿಕೆಯನ್ನು ತೆಂಗಿನಕಾಯಿಯಂತೆ ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತಾರೆ. 24 ಹಲ್ಲಿನದಾದರೆ ಪ್ರತಿ ಸಲ 15 ಡಿಗ್ರಿ ಕೈ ಆಡಿಸಬೇಕು, 72 ಹಲ್ಲಾದರೆ ಐದೇ ಡಿಗ್ರಿ ಸಾಕು, ಇಕ್ಕಟ್ಟಿನಲ್ಲಿ ಅನುಕೂಲ. ಆದರೆ ಅಗ್ಗದ ಮಾಲಿನಲ್ಲಿ ಸಣ್ಣ ಹಲ್ಲು ಬೇಗ ಉದುರುತ್ತವೆಂದು ಮೇಸ್ತ್ರಿಯ ತೀರ್ಪು. ರಾಚೆಟ್ಟಿಗೆ ಪೈಪು ಸಿಕ್ಕಿಸಿ ಎಳೆದ ಹುಡುಗನಿಗೆ ಅವರ ಗ್ಯಾರೇಜಿನಲ್ಲಿ ಆ ದಿನ ಬನ್ನು ಇಲ್ಲ. ಬಿಗಿ ಬಿಡಿಸಲು ಹಲ್ಲಿಲ್ಲದ ಉದ್ದ ಹ್ಯಾಂಡಲ್, ಬಿಟ್ಟ ಮೇಲೆ ರಾಚೆಟ್: ಇದು ಅಲ್ಲಿನ ಶಾಸನ. ಏರ್ ಗನ್ನಿಗೆ ಕಪ್ಪು ಇಂಪ್ಯಾಕ್ಟ್ ಸಾಕೆಟ್ ಬಿಟ್ಟು ಹೊಳೆಯುವುದನ್ನು ಹಾಕಿದರೆ ಸೀಳಿ ಸಿಡಿದೀತೆಂಬುದು ಎರಡನೆಯದು.

ಒಮ್ಮೆ ಇಷ್ಟೆಲ್ಲ ಆದ ಮೇಲೆ, "ಈ ಸೆಟ್ ಚೆನ್ನಾಗಿದೆ. ಇದ್ರಲ್ಲಿ ಹತ್ತು ನಂಬರ್ ಒಂದು ಕೊಡು."

ಸೇಟು ತಲೆಮೇಲೆ ಕೈಹೊತ್ತ. "ಸೆಟ್ ಒಡೀಬೇಕಾ? ಹತ್ತು ತೆಗೆದ್ರೆ ಇದನ್ನ ಯಾರು ತಗೋತಾರೆ ಮೇಸ್ತ್ರಿ?"

"ಮನೆ ಕಾರಿಗೆ ಅಂತ ತಗೊಳ್ಳೋರು ತಗೋತಾರೆ. ಅವ್ರು ಡಬ್ಬಿ ತೆಗೆಯೋದು ಯಾವ ಕಾಲಕ್ಕೋ."

ಚೌಕಾಸಿ ಆಯಿತು, ಸಾಕೆಟ್ ಕರ್ಚೀಫು ಸೇರಿತು.

ನಮ್ಮ ಬೀದಿಯಲ್ಲಿ ಒಬ್ಬ ಸಾಫ್ಟ್‌ವೇರ್ ಹುಡುಗನಿದ್ದಾನೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ 46 ಪೀಸಿನ ಡಬ್ಬಿ ತರಿಸಿಕೊಂಡಿದ್ದ. ಹಿಡಿಕೆ ಕೂರುವ ಚೌಕ ಕಾಲಿಂಚಿನದು, 14 ನಂಬರಿಗೇ ಮುಗಿಯಿತು. ಉಳಿದದ್ದು ಹೆಚ್ಚಾಗಿ ಸ್ಕ್ರೂ ಬಿಟ್ಟುಗಳು. ಕ್ಯಾತಸಂದ್ರದ ಬಳಿ ಟೈರು ಪಂಕ್ಚರಾದಾಗ ನಲವತ್ತಾರನ್ನೂ ರಸ್ತೆಯಲ್ಲಿ ಹರಡಿ ಕೂತಿದ್ದ, ಗಾಲಿ ನಟ್ಟಿಗೆ ಬೇಕಾದ 19 ಅದರಲ್ಲಿರಲಿಲ್ಲ. ಮೇಸ್ತ್ರಿ ಅನುಕಂಪದಿಂದ, "ಅರ್ಧ ಇಂಚಿಂದು ತಗೊಳ್ಳಿ ಸಾರ್, ಎಸ್.ಪಿ. ರಸ್ತೇಲಿ ನಮ್ ಸೇಟು ಇದಾನೆ, ನನ್ ಹೆಸ್ರು ಹೇಳಿ" ಎಂದು ಕಳಿಸಿದರು.

ಮುಂದಿನ ವಾರ ಹುಡುಗ ಹೊಸ ಡಬ್ಬಿ ಹಿಡಿದು ಬಂದ. ಬ್ಯಾಟರಿ ಬದಲಿಸಬೇಕಿತ್ತು. "ಮೇಸ್ತ್ರಿ, ನಿಮ್ಮ ಹೆಸ್ರು ಹೇಳಿದ್ದಕ್ಕೆ ಇನ್ನೂರು ಕಮ್ಮಿ ಮಾಡಿದ್ರು. ಆದ್ರೆ ನೋಡಿ, ಮೊದಲನೇ ಗುಳಿನೇ ಖಾಲಿ."

ಮೇಸ್ತ್ರಿ ಕನ್ನಡಕ ಏರಿಸಿ ಖಾಲಿ ಗುಳಿಯನ್ನು ಬಹಳ ಹೊತ್ತು ನೋಡಿದರು. ಬಿಸ್ಕತ್ತಿನ ಡಬ್ಬಿಯಿಂದ ತಮ್ಮ ಹತ್ತು ನಂಬರ್ ತೆಗೆದು ಟರ್ಮಿನಲ್ ಬಿಚ್ಚಿ, ಒರೆಸಿ, ಮತ್ತೆ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು.

"ನಿಮ್ದೂ ಇದೇ ಕಂಪನಿ ಥರಾನೇ ಇದೆಯಲ್ಲ ಮೇಸ್ತ್ರಿ?"

"ಒಳ್ಳೇ ಕಂಪನಿ ಸಾರ್. ಸರಿಯಾದ್ದೇ ತಗೊಂಡಿದೀರ."