ಕೊಟೇಶನ್ ಕೊಟ್ಟ ಮೇಲೆ

ಪೀಣ್ಯದ ಹೌಸ್‌ಕೀಪಿಂಗ್ ಕಂಟ್ರಾಕ್ಟರ್‌ಗೆ ಕೊಟೇಶನ್ ಬರೆಯುವುದು ಕಷ್ಟವಲ್ಲ. ಕನಿಷ್ಠ ವೇತನ, ಪಿಎಫ್, ಇಎಸ್‌ಐಗೆ ಮಾಲೀಕನ ಪಾಲು ಶೇ. 3.25, ಫಿನಾಯಿಲು, ಮಾಪು, ಎಲ್ಲದರ ಮೇಲೆ ಶೇ. 18 ಜಿಎಸ್‌ಟಿ; ನಡುವೆ ಎಲ್ಲಾದರೂ ಜಾಗ ಸಿಕ್ಕರೆ ಲಾಭ.

ಕಷ್ಟವೆಲ್ಲ ಆಮೇಲಿನದು.

ಮೂರನೇ ದಿನ ಫೋನು ಮಾಡಿದರೆ ‘ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ’. ಹತ್ತನೇ ದಿನ ‘ಪರ್ಚೇಸ್‌ನೋರು ರಜ’. ವಾಟ್ಸ್‌ಆ್ಯಪ್‌ನಲ್ಲಿ ನೀಲಿ ಟಿಕ್ ಮೂಡಿದರೆ ಮನೆಯಲ್ಲಿ ಪಾಯಸ ಮಾಡಿಸುವಷ್ಟು ಖುಷಿ. ಉತ್ತರ ಮಾತ್ರ ನಾಪತ್ತೆ. ‘ನೋಡೋಣ’ ಎಂದರೆ ಬಹುಪಾಲು ಇಲ್ಲವೆಂದೇ ಅರ್ಥ. ‘ರೇಟ್ ಸ್ವಲ್ಪ ನೋಡ್ಕೊಂಡು ಹೇಳಿ’ ಎಂದರೆ ಗಾಳಕ್ಕೆ ಮೀನು ಬಿದ್ದಂತೆ. ಮೀನು ಯಾರು ಎಂಬುದು ಬೇರೆ ಮಾತು.

ಸಣ್ಣ ಉದ್ದಿಮೆಯ ಬಿಲ್ಲಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಕೊಟೇಶನ್ನಿಗೆ ಇಷ್ಟು ದಿನದಲ್ಲಿ ಉತ್ತರಿಸಿ ಎಂದು ಅದು ಹೇಳುವುದಿಲ್ಲ.

ಚಾಣಾಕ್ಷನಾದವನು ನೆಪ ಹುಡುಕಿ ಗೇಟಿಗೇ ಬರುತ್ತಾನೆ: ‘ಈ ಕಡೆ ಬಂದಿದ್ದೆ, ಟಾಯ್ಲೆಟ್‌ಗಳ ಲೆಕ್ಕ ಇನ್ನೊಮ್ಮೆ ನೋಡಿಬಿಡ್ತೀನಿ.’ ಸೆಕ್ಯುರಿಟಿಯವನು ರಿಜಿಸ್ಟರ್ ಮುಚ್ಚಿ ಹೇಳುತ್ತಾನೆ: ‘ಹಳೇ ಕಂಟ್ರಾಕ್ಟರ್‌ಗೇ ಹೋದ ವಾರ ಆರ್ಡರ್ ಆಯ್ತಲ್ಲ, ಸಾರ್.’

ಅದೇ ಕೊಟೇಶನ್ ಮರುದಿನ ಪಕ್ಕದ ಫ್ಯಾಕ್ಟರಿಗೆ ಹೋಗುತ್ತದೆ. ಹೆಸರು, ತಾರೀಖು ಮಾತ್ರ ಬೇರೆ.