ರಾಹುಲ್ ಆಡಿದ 107 ಎಸೆತಕ್ಕೆ ಕಾಶಿಯಲ್ಲಿ ಪ್ರಾಯಶ್ಚಿತ್ತ

ಕಾಶಿಗೆ ಹೋದರೆ ಸಕಲ ಪಾಪವೂ ತೊಳೆದುಹೋಗುತ್ತದೆ ಎಂದು ನಂಬಿ ರೈಲು ಹತ್ತುವ ಕನ್ನಡಿಗರಿಗೆ ಒಂದು ಎಚ್ಚರಿಕೆ: ಒಂದು ಪಾಪ ಮಾತ್ರ ಅಲ್ಲಿ ಇಳಿದ ಮೇಲೆಯೇ ಹೆಗಲೇರುತ್ತದೆ. ಅಸ್ಸಿಯ ಚಹಾದಂಗಡಿಯಲ್ಲಿ ಕುಲ್ಹಡ್ ಹಿಡಿದು ಕೂತವರನ್ನು ಪಕ್ಕದವರು ಕೇಳುವ ಮೊದಲ ಪ್ರಶ್ನೆ, “ಎಲ್ಲಿಂದ ಬಂದ್ರಿ ಗುರು?” ಕರ್ನಾಟಕ ಅಂದಿರೋ, ಕೆಟ್ಟಿರಿ. 2023ರ ನವೆಂಬರ್ 19ರಂದು ಅಹಮದಾಬಾದಿನ ವಿಶ್ವಕಪ್ ಫೈನಲ್‌ನಲ್ಲಿ ಕೆ.ಎಲ್. ರಾಹುಲ್ 66 ರನ್ ಹೊಡೆಯಲು 107 ಎಸೆತ ಯಾಕೆ ತಿಂದ, ಅಷ್ಟರಲ್ಲಿ ಬೌಂಡರಿ ಒಂದೇ ಒಂದು ಯಾಕೆ ಎಂಬುದಕ್ಕೆ ನೀವು ಅಲ್ಲೇ ಕೂತಲ್ಲೇ ಲಿಖಿತವಲ್ಲದಿದ್ದರೂ ಮೌಖಿಕ ಉತ್ತರ ಸಲ್ಲಿಸಬೇಕು. ನೀವು ಬೀದರಿನವರಿರಬಹುದು, ರಾಹುಲ್ ಬೆಳೆದ ಸುರತ್ಕಲ್ ಯಾವ ದಿಕ್ಕಿಗಿದೆ ಎಂದು ಗೊತ್ತಿಲ್ಲದಿರಬಹುದು, ಜಂಗಮವಾಡಿ ಮಠದಲ್ಲಿ ಬ್ಯಾಗು ಇಟ್ಟು ಸೊಸೆಯ ಜೊತೆ ಚಹಾಕ್ಕೆ ಬಂದ ಎಪ್ಪತ್ತರ ಅಜ್ಜಿಯಿರಬಹುದು. ರಿಯಾಯಿತಿ ಇಲ್ಲ.

ರಾಹುಲ್ ಮೂರು ಐಪಿಎಲ್‌ಗಳಲ್ಲಿ ಇದೇ ಉತ್ತರ ಪ್ರದೇಶದ ಲಖನೌ ತಂಡದ ನಾಯಕನಾಗಿದ್ದನಲ್ಲ ಎಂದು ನೀವು ಪಾಯಿಂಟು ಹಾಕಿದರೆ, “ಅದು ಲಖನೌ. ಇದು ಬನಾರಸ್” ಎನ್ನುತ್ತಾರೆ. 2025ರ ಮಾರ್ಚಿನಲ್ಲಿ ದುಬೈಯ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಕೊನೆಯವರೆಗೂ ನಿಂತು ಅಜೇಯ 34 ಹೊಡೆದು ಗೆಲ್ಲಿಸಿದನಲ್ಲ ಎಂದರೆ, ಕೂತವರೆಲ್ಲ ಒಟ್ಟಿಗೆ ಗಂಗೆಯ ಕಡೆ ನೋಡುತ್ತಾರೆ. ಈ ನ್ಯಾಯಾಲಯದಲ್ಲಿ ಒಳ್ಳೆಯ ಇನಿಂಗ್ಸ್ ಸಾಕ್ಷ್ಯವಾಗಿ ದಾಖಲಾಗುವುದಿಲ್ಲ.

ಇದು ಕಾಶಿಯ ತಪ್ಪಲ್ಲ, ಪರಂಪರೆ. ಶಾಸ್ತ್ರಾರ್ಥದ ಊರು ಅದು. 1869ರ ನವೆಂಬರ್ 16ರಂದು ದುರ್ಗಾಕುಂಡದ ಹತ್ತಿರದ ಆನಂದಬಾಗ್‌ನಲ್ಲಿ, ಕಾಶಿಯ ಮಹಾರಾಜರ ಎದುರಲ್ಲಿ, ದಯಾನಂದ ಸರಸ್ವತಿಗಳಿಗೂ ಇಲ್ಲಿನ ಪಂಡಿತರಿಗೂ ಮೂರ್ತಿಪೂಜೆಯ ಬಗ್ಗೆ ದೊಡ್ಡ ವಾದ ನಡೆಯಿತು. ಗದ್ದಲದಲ್ಲಿ ಸಭೆ ಎದ್ದಿತು. ಪಂಡಿತರ ಕಡೆಯವರು ನಾವೇ ಗೆದ್ದೆವು ಎಂದರು, ದಯಾನಂದರ ಕಡೆಯವರೂ ನಾವೇ ಗೆದ್ದೆವು ಎಂದರು. ನೂರೈವತ್ತಕ್ಕೂ ಹೆಚ್ಚು ವರ್ಷ ಕಳೆದರೂ ಎರಡೂ ಕಡೆಯ ಸ್ಕೋರ್‌ಬೋರ್ಡ್ ಬೇರೆ ಬೇರೆ. ಇಂಥ ಊರಿನಲ್ಲಿ ನಾಡಿದ್ದಿನ ಮ್ಯಾಚಿಗೆ ಮೂರನೇ ವೇಗಿ ಯಾರಾಗಬೇಕು ಎಂಬುದು ಒಂದು ಚಹಾದಲ್ಲಿ ಬಗೆಹರಿಯುತ್ತದೆ ಎಂದುಕೊಂಡವನು ಪೆದ್ದ.

ವಾದದ ಪದ್ಧತಿಯೂ ಹಳೆಯದೇ. ಪೂರ್ವಪಕ್ಷದವನು “ಬುಮ್ರಾಗೆ ವಿಶ್ರಾಂತಿ ಕೊಡಬೇಕು” ಎಂದು ಮಂಡಿಸುತ್ತಾನೆ. ಉತ್ತರಪಕ್ಷದವನು, “ನಿನ್ನ ಭಾವನಿಗೆ ಬ್ಯಾಂಕಿನಲ್ಲಿ ಇಪ್ಪತ್ತು ವರ್ಷದಿಂದ ವಿಶ್ರಾಂತಿಯೇ ಅಲ್ವಾ, ಏನು ಉದ್ಧಾರವಾಯಿತು?” ಎಂದು ಖಂಡಿಸುತ್ತಾನೆ. ಮೂಲೆಯಲ್ಲೊಬ್ಬರು ಬಾಯಿ ತುಂಬ ಪಾನ್ ಇಟ್ಟುಕೊಂಡು ಆಕಾಶ ನೋಡುತ್ತಾ ಕೂತಿರುತ್ತಾರೆ. ರಸ ಚೆಲ್ಲೀತೆಂದು ಮಾತಾಡುವಂತಿಲ್ಲ, ಆದ್ದರಿಂದ ಕೈಯೆತ್ತಿ ತೀರ್ಪು ಕೊಡುತ್ತಾರೆ. ಒಂದು ಬೆರಳು ಎತ್ತಿದರೆ ರೋಹಿತ್ ಔಟ್, ಎರಡು ತೋಳು ಚಾಚಿದರೆ ಕೋಚ್ ವೈಡ್. ಇಡೀ ಅಂಗಡಿಯಲ್ಲಿ ಅವರೊಬ್ಬರನ್ನೇ ಎಲ್ಲರೂ ಗೌರವಿಸುವುದು. ಉಗುಳಿದ ಮೇಲೆ ಅವರೂ ನಮ್ಮಂತೆಯೇ ಎಂದು ಗೊತ್ತಾಗುವುದರಿಂದ ಬೇಗ ಉಗುಳುವುದಿಲ್ಲ.

ಕಾಶೀನಾಥ್ ಸಿಂಗ್ ಅವರ ‘ಕಾಶಿ ಕಾ ಅಸ್ಸಿ’ ಕಾದಂಬರಿಯಿಂದ ಪ್ರಸಿದ್ಧವಾದ ಪಪ್ಪು ಚಹಾದಂಗಡಿ ಇರುವುದೂ ಈ ಅಸ್ಸಿಯಲ್ಲೇ. 2022ರಲ್ಲಿ ಚುನಾವಣೆಯ ನಡುವೆ ಪ್ರಧಾನಿ ಬಂದು ಚಹಾ ಕುಡಿದು ಹೋದರು. ಅವತ್ತಿನಿಂದ ಅಸ್ಸಿಯವರಿಗೆ ಭಾರತ ತಂಡದ ಆಯ್ಕೆ ತೀರಾ ಸಣ್ಣ ಜವಾಬ್ದಾರಿ ಅನ್ನಿಸಿರಲೂ ಸಾಕು.

ಮಾತಿನಲ್ಲಿ ಆಗದ್ದನ್ನು ಹೋಮದಲ್ಲಿ ಮಾಡುತ್ತಾರೆ. ಫೈನಲ್ ಬಂತೆಂದರೆ ಕಾಶಿಯಲ್ಲಿ ಕುಂಡ ಹೊತ್ತಿತು, ಆಟಗಾರರ ಫೋಟೊಗಳಿಗೆ ಆರತಿ ಎದ್ದಿತು, ಟಿವಿಯವರು ಹೊಗೆಯಲ್ಲಿ ಕೆಮ್ಮುತ್ತಾ ಮೈಕು ಹಿಡಿದರು. 2023ರಲ್ಲೂ ಹೋಮವಾಯಿತು. ಟ್ರಾವಿಸ್ ಹೆಡ್ ಎಂಬ ಮೀಸೆಯವನು 137 ಹೊಡೆದು ಪೂರ್ಣಾಹುತಿ ಕೊಟ್ಟ. 2024ರ ಜೂನ್ 29ರಂದು ಬಾರ್ಬಡೋಸ್‌ನ ಟಿ20 ಫೈನಲ್‌ಗೂ ಹೋಮವಾಯಿತು, 7 ರನ್ನಿಂದ ಗೆದ್ದೆವು. ಲೆಕ್ಕ ಈಗ ಸ್ಪಷ್ಟವಾಗಿದೆ: ಗೆದ್ದರೆ ತುಪ್ಪ, ಸೋತರೆ ಪಿಚ್ಚು. ಬಾರ್ಬಡೋಸ್‌ನಲ್ಲಿ ಸೂರ್ಯಕುಮಾರ್ ಬೌಂಡರಿ ಗೆರೆಯ ಅಂಚಿನಲ್ಲಿ ತಕಧಿಮಿ ಕುಣಿದು ಹಿಡಿದ ಕ್ಯಾಚು ಯಾವ ಮಂತ್ರದ ಫಲ ಎಂಬ ಬಗ್ಗೆ ಮಾತ್ರ ಇಬ್ಬರು ಪುರೋಹಿತರ ನಡುವೆ ಭಿನ್ನಮತ ಇದ್ದರೆ ನನಗೆ ಆಶ್ಚರ್ಯವಿಲ್ಲ. 2023ರ ಹೋಮದಲ್ಲಿ ರಾಹುಲ್ ಫೋಟೊ ಕೂಡ ಇದ್ದಿರಬೇಕಲ್ಲ, ಅದಕ್ಕೆ ತಾಗಿದ ಹೊಗೆ ಎಲ್ಲಿ ಹೋಯಿತು ಎಂದು ಒಬ್ಬ ಬಡಪಾಯಿ ಧಾರವಾಡದವನು ಕೇಳಬಹುದು. ಕೇಳಬಾರದು.

ಇನ್ನು ಗಂಜಾರಿಯ ವಿಷಯ. ನಗರದ ಹೊರಗೆ ರಾಜಾತಾಲಾಬ್ ಹತ್ತಿರ ಅಂತರರಾಷ್ಟ್ರೀಯ ಕ್ರಿಕೆಟ್ ಕ್ರೀಡಾಂಗಣಕ್ಕೆ 2023ರ ಸೆಪ್ಟೆಂಬರ್ 23ರಂದು ಅಡಿಗಲ್ಲು ಬಿತ್ತು. ಸುಮಾರು 450 ಕೋಟಿಯ ಯೋಜನೆ, 30,000 ಜನ ಕೂರುವ ಜಾಗ. ವಿನ್ಯಾಸ ನೋಡಿದರೆ ಕೈಮುಗಿಯಬೇಕು: ಛಾವಣಿ ಅರ್ಧಚಂದ್ರ, ಫ್ಲಡ್‌ಲೈಟು ತ್ರಿಶೂಲ, ಮುಂಭಾಗದಲ್ಲಿ ಬಿಲ್ವಪತ್ರೆ, ಒಂದು ಕಟ್ಟಡ ಡಮರುಗ, ಮೆಟ್ಟಿಲು ಘಾಟಿನ ಹಾಗೆ. ಸಾಕ್ಷಾತ್ ಶಿವನನ್ನೇ ಬಿಡಿ ಬಿಡಿಯಾಗಿ ಬಿಚ್ಚಿ ಟೆಂಡರ್ ಕರೆದಂತಿದೆ. ಮೂರನೇ ಕಣ್ಣಿನ ಜಾಗಕ್ಕೆ ಥರ್ಡ್ ಅಂಪೈರ್ ಹೇಗೂ ಇದ್ದಾನೆ. ಅಡಿಗಲ್ಲಿನ ದಿನ ಸಚಿನ್, ಗಾವಸ್ಕರ್, ಕಪಿಲ್ ಜೊತೆ ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥರೂ ಬಂದಿದ್ದರು. ಮಣಿಕಟ್ಟು ತಿರುಗಿಸಿ ಚೆಂಡನ್ನು ಸ್ಕ್ವೇರ್ ಕಟ್ ಮಾಡುತ್ತಿದ್ದ ಆ ವಿಶ್ವನಾಥರು ಈ ವಿಶ್ವನಾಥನ ಊರಿಗೆ ಬಂದದ್ದು ಕಾಶಿಯವರ ನೆನಪಿನಲ್ಲಿ ಉಳಿದಿಲ್ಲ. ಉಳಿದಿದ್ದರೆ ರಾಹುಲ್‌ನ ಬಾಕಿಯಲ್ಲಿ ಸ್ವಲ್ಪವಾದರೂ ವಜಾ ಆಗಬೇಕಿತ್ತು.

ಅಡಿಗಲ್ಲು ಬಿದ್ದ ದಿನವೇ ಅಲ್ಲಿನ ಪಿಚ್ ಸ್ಪಿನ್ನಿಗೋ ವೇಗಕ್ಕೋ ಎಂಬ ಚರ್ಚೆ ಶುರುವಾಯಿತು. ಕಲ್ಲು ಹೂತದ್ದಷ್ಟೇ, ಹುಲ್ಲು ಹುಟ್ಟಿರಲಿಲ್ಲ. ಗಂಗೆಯ ಮೆಕ್ಕಲು ಮಣ್ಣು ಮೂರನೇ ದಿನಕ್ಕೆ ಒಡೆಯುತ್ತದೆ ಎಂದೊಬ್ಬ, ಒಡೆಯುವುದಿಲ್ಲ ಎಂದು ಇನ್ನೊಬ್ಬ. ಮೊದಲ ಪಂದ್ಯ ಯಾರ ಜೊತೆ, ಮೊದಲ ಶತಕ ಯಾರದ್ದು, ಆ ಪಂದ್ಯಕ್ಕೆ ಪಾಸು ಯಾರ ಸೋದರಳಿಯ ಕೊಡಿಸುತ್ತಾನೆ ಎಂಬ ತನಕ ತೀರ್ಮಾನವಾಗಿಹೋಗಿದೆ. ಮುಂದೆ ನಡೆಯಬೇಕಾದ ಆಟವನ್ನು ನಡೆಯುವ ಮೊದಲೇ ಹೀಗೆ ಪೂರ್ತಿ ಮುಗಿಸಿಬಿಡುವ ಅಭಿಮಾನಿಗಳಿಗೆ ಆಟಗಾರರು ಬಂದು ಆಡುವುದೇ ಒಂದು ಅಡ್ಡಿ.

ಸಂಪೂರ್ಣಾನಂದ ಸಂಸ್ಕೃತ ವಿಶ್ವವಿದ್ಯಾಲಯದ ಮೈದಾನದಲ್ಲಿ ವೇದಪಾಠಶಾಲೆಯ ಹುಡುಗರು ಧೋತಿ ಉಟ್ಟು, ಹಣೆಗೆ ತ್ರಿಪುಂಡ್ರ ಬಳಿದು ಕ್ರಿಕೆಟ್ ಆಡುವುದುಂಟು, ವೀಕ್ಷಕ ವಿವರಣೆ ಸಂಸ್ಕೃತದಲ್ಲಿ. ನನಗಂತೂ ಅದೇ ಕಾಶಿಯ ಅತ್ಯಂತ ನೆಮ್ಮದಿಯ ಪಂದ್ಯ. ಕಚ್ಚೆ ಬಿಗಿಹಿಡಿದು ಓಡುವವನಿಗೆ ರನ್‌ರೇಟಿನ ಚಿಂತೆ ಇರುವುದಿಲ್ಲ. ವಿವರಣೆ ಅರ್ಥವಾಗದ ಕಾರಣ ಪ್ರೇಕ್ಷಕರಲ್ಲಿ ತಜ್ಞರು ಹುಟ್ಟುವುದಿಲ್ಲ.

ಇಷ್ಟೆಲ್ಲ ಮಾತಿನ ನಡುವೆ ಆಡದೇ ಉಳಿಯುವ ಮಾತೊಂದಿದೆ, ಹಾಕಿ. ಈ ಊರಿನ ಗಲ್ಲಿಗಳು ಜಗತ್ತಿಗೆ ಕೊಟ್ಟ ನಿಜವಾದ ಆಟಗಾರರು ಕೋಲು ಹಿಡಿದವರು. ಮೊಹಮ್ಮದ್ ಶಾಹಿದ್ ಬನಾರಸಿನವರು. 1980ರ ಮಾಸ್ಕೋ ಒಲಿಂಪಿಕ್ಸ್ ಫೈನಲ್‌ನಲ್ಲಿ ಸ್ಪೇನ್ ವಿರುದ್ಧ 4–3ರಿಂದ ಗೆದ್ದಾಗ ನಾಲ್ಕನೇ ಗೋಲು ಅವರದ್ದು. ಆಮೇಲೆ ಭಾರತದ ಹಾಕಿಗೆ ಒಲಿಂಪಿಕ್ ಚಿನ್ನ ಬಂದಿಲ್ಲ. ಚೆಂಡು ಕೋಲಿಗೆ ಅಂಟಿಕೊಂಡಿದೆಯೋ ಎಂಬ ಅನುಮಾನ ಹುಟ್ಟಿಸುವ ಅವರ ಡ್ರಿಬ್ಲಿಂಗ್ ನೋಡಿ ಎದುರಾಳಿ ರಕ್ಷಕರು ಎಡಕ್ಕೋ ಬಲಕ್ಕೋ ತಿಳಿಯದೆ ನಿಂತುಬಿಡುತ್ತಿದ್ದರು. ಆ ತಂಡದಲ್ಲೇ ಇದ್ದವರು ಕೊಡಗಿನ ಎಂ.ಎಂ. ಸೋಮಯ್ಯ. ಮಾಸ್ಕೋ, ಲಾಸ್ ಏಂಜಲಿಸ್, ಸೋಲ್ ಹೀಗೆ ಮೂರು ಒಲಿಂಪಿಕ್ಸ್‌ಗಳಲ್ಲಿ ಇಬ್ಬರೂ ಜೊತೆಗಾರರು, ಕೊನೆಯದಕ್ಕೆ ಸೋಮಯ್ಯನವರೇ ನಾಯಕ. ಅಂದರೆ ಬನಾರಸಿಗೂ ಕರ್ನಾಟಕಕ್ಕೂ ಚಿನ್ನದ ಪದಕದಷ್ಟು ಗಟ್ಟಿ ನೆಂಟಸ್ತಿಕೆ ಇದೆ. ಅದನ್ನು ಚಹಾದಂಗಡಿಯಲ್ಲಿ ಹೇಳಿ ನೋಡಿ. ಹಿರಿಯರೊಬ್ಬರು ತಲೆದೂಗುತ್ತಾರೆ, ಒಂದು ನಿಟ್ಟುಸಿರು ಬಿಡುತ್ತಾರೆ, ಆಮೇಲೆ “ಆದರೂ 107 ಎಸೆತ...” ಎನ್ನುತ್ತಾರೆ.

ಶಾಹಿದ್ 2016ರ ಜುಲೈನಲ್ಲಿ ತೀರಿಕೊಂಡರು. 2025ರ ಸೆಪ್ಟೆಂಬರಿನಲ್ಲಿ ರಸ್ತೆ ಅಗಲ ಮಾಡುವಾಗ ಅವರ ಮನೆಯ ಒಂದು ಭಾಗವನ್ನು ಬುಲ್‌ಡೋಜರ್ ಕೆಡವಿತು. ಪರಿಹಾರ ಕೊಟ್ಟಿದ್ದೇವೆ ಎಂದು ಆಡಳಿತ, ನಮಗೆ ಬಂದಿಲ್ಲ ಎಂದು ಮನೆಯವರಲ್ಲಿ ಕೆಲವರು. ಕಾನೂನಿನಲ್ಲಿ ಯಾರದ್ದು ಸರಿಯೋ ಕೋರ್ಟು ಕಚೇರಿಗಳು ನೋಡಿಕೊಳ್ಳಲಿ. ಜಗತ್ತಿನ ಡಿಫೆಂಡರುಗಳು ತಡೆಯಲಾಗದ ಆಟಗಾರನನ್ನು ಕೊನೆಗೂ ಲೋಕೋಪಯೋಗಿ ಇಲಾಖೆ ಎಡಬದಿಯಿಂದ ಒಳನುಗ್ಗಿ ತಡೆಯಿತು ಎಂದಷ್ಟೇ ನಾನು ಹೇಳಬಲ್ಲೆ. ತ್ರಿಶೂಲದ ದೀಪಕ್ಕೆ ಜಾಗ ಹುಡುಕಿ ಕೊಡುವ ಊರಿಗೆ ಒಂದು ಪದ್ಮಶ್ರೀ ಗೋಡೆಯನ್ನು ಬಳಸಿ ರಸ್ತೆ ತಿರುಗಿಸಲು ಆಗಲಿಲ್ಲ. ರಸ್ತೆಗಳಿಗೆ ಡ್ರಿಬ್ಲಿಂಗ್ ಬರುವುದಿಲ್ಲ.

ಲಲಿತ್ ಉಪಾಧ್ಯಾಯನ ಕತೆಯೂ ಹಾಗೆಯೇ. ಇಲ್ಲಿನ ಉದಯಪ್ರತಾಪ್ ಕಾಲೇಜಿನ ಮೈದಾನದಲ್ಲಿ ಹಾಕಿ ಕಲಿತ ಹುಡುಗ. 2008ರಲ್ಲಿ ಟಿವಿಯವರೊಬ್ಬರ ಗುಪ್ತ ಕಾರ್ಯಾಚರಣೆಯಲ್ಲಿ, ತನಗೇ ಗೊತ್ತಿಲ್ಲದಂತೆ, ಅವನ ಹೆಸರು ಬಳಕೆಯಾಯಿತು. ಏನೂ ತಪ್ಪು ಮಾಡದ ಹುಡುಗನಿಗೆ ಆ ಕಲೆ ಬಹಳ ಕಾಲ ಮೆತ್ತಿಕೊಂಡಿತ್ತು. ಅಂಥವನು ಟೋಕಿಯೊದಲ್ಲಿ ಒಂದು ಕಂಚು, ಪ್ಯಾರಿಸ್‌ನಲ್ಲಿ ಇನ್ನೊಂದು ಕಂಚು ತಂದ. ಮೊದಲ ಸಲ ಬಂದಾಗ ಊರು ಹಾರ ಹಾಕಿ ಡೋಲು ಬಡಿಯಿತು. 2025ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಹಾಕಿಗೆ ವಿದಾಯ ಹೇಳಿದ. ಆಗ ಚಹಾದಂಗಡಿಗಳು ಇಂಗ್ಲೆಂಡಿನಲ್ಲಿ ಟೆಸ್ಟ್ ತಂಡ ಏನು ಮಾಡಬೇಕೆಂಬ ತುರ್ತಿನಲ್ಲಿದ್ದವು. ತಮಾಷೆಯೆಂದರೆ, ಲೀಡ್ಸ್‌ನ ಆ ಟೆಸ್ಟಿನಲ್ಲಿ ಶತಕ ಹೊಡೆದವರಲ್ಲಿ ರಾಹುಲನೂ ಒಬ್ಬ. ಭಾರತ ಸೋತಿತು, ಆದ್ದರಿಂದ ಅದೂ ಅವನ ಖಾತೆಗೇ.

ಕಾಶಿಯವರನ್ನು ಆಡಿಕೊಂಡು ನಾವು ಬೆಂಗಳೂರಿನವರು ಸಾಚಾ ಆಗಲು ಬರುವುದಿಲ್ಲ. ವರ್ಷ ವರ್ಷವೂ “ಈ ಸಲ ಕಪ್ ನಮ್ದೇ” ಎಂದು ಕೂಗಿ ಕೂಗಿ, 2025ರ ಜೂನ್ 3ರಂದು ಪಂಜಾಬ್ ತಂಡವನ್ನು 6 ರನ್ನಿನಿಂದ ಸೋಲಿಸಿ ನಮ್ಮ ಆರ್‌ಸಿಬಿಗೆ ಐಪಿಎಲ್ ಕಪ್ ಬಂದೇಬಿಟ್ಟಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಸತ್ತರು. ಆಮೇಲೆ ನಡೆದದ್ದು ಅದೇ ಚಹಾದಂಗಡಿಯ ಆಟ: ಕರೆದವರು ಯಾರು, ಅನುಮತಿ ಕೊಟ್ಟವರು ಯಾರು, ಕೊಡದವರು ಯಾರು, ಗೇಟು ತೆಗೆದವರು ಯಾರು. ಮಂತ್ರಿಗಳು, ಪೊಲೀಸರು, ಸಂಸ್ಥೆಗಳು ತಮ್ಮ ಹನ್ನೊಂದರ ಬಳಗ ಕಟ್ಟಿಕೊಂಡು ಒಬ್ಬರಿಗೊಬ್ಬರು ಚೆಂಡು ಎಸೆದರು. ಅಸ್ಸಿಯಲ್ಲಿ ಒಬ್ಬರು ನನ್ನನ್ನು ಅದರ ಬಗ್ಗೆಯೂ ಕೇಳಿದರು. 107 ಎಸೆತಕ್ಕೆ ಏನಾದರೂ ಸಬೂಬು ಹೊಸೆಯಬಹುದು, ಇದಕ್ಕೆ ಆಗಲಿಲ್ಲ.

ಅಭಿಮಾನ ಎಲ್ಲ ದೇಶಗಳಲ್ಲೂ ತಲೆಗೇರುತ್ತದೆ. ಕೆನಡಾದ ರೆಜೈನಾ ಊರಿನ ಫುಟ್‌ಬಾಲ್ ತಂಡ ಸಸ್ಕಾಚವಾನ್ ರಫ್‌ರೈಡರ್ಸ್‌ನ ಅಭಿಮಾನಿಗಳು ಕಲ್ಲಂಗಡಿ ಹಣ್ಣನ್ನು ಟೊಳ್ಳು ಮಾಡಿ ಶಿರಸ್ತ್ರಾಣದಂತೆ ತಲೆಗೆ ಹಾಕಿಕೊಂಡು ಮ್ಯಾಚಿಗೆ ಹೋಗುತ್ತಾರೆ. ಅವರದ್ದೂ ಮುಂದಿನ ಪಂದ್ಯದ ಬಗ್ಗೆ ಇದೇ ಗೋಳು, ಇವನು ಯಾಕೆ, ಅವನು ಯಾಕಿಲ್ಲ. ಒಂದೇ ವ್ಯತ್ಯಾಸ, ಮ್ಯಾಚು ಮುಗಿದ ಮೇಲೆ ಅವರು ಕಲ್ಲಂಗಡಿಯನ್ನು ತೆಗೆದಿಡುತ್ತಾರೆ. ನಮ್ಮಲ್ಲಿ ತೆಗೆಯುವ ಪದ್ಧತಿ ಇಲ್ಲ.

ಬಿಡುವ ಪದ್ಧತಿ ಒಂದಿದೆ, ಅದೂ ಕಾಶಿಯಲ್ಲೇ. ಅಲ್ಲಿಗೆ ಹೋದವರು ತಮಗೆ ತುಂಬ ಇಷ್ಟವಾದ ಒಂದನ್ನು ಗಂಗೆಯಲ್ಲಿ ಬಿಟ್ಟು ಬರಬೇಕು. ನಮ್ಮವರು ಬುದ್ಧಿವಂತರು, ಹಾಗಲಕಾಯಿ ಬಿಡುತ್ತಾರೆ. ಸಕ್ಕರೆ ಕಾಯಿಲೆಯವರು ಮೈಸೂರು ಪಾಕು ಬಿಟ್ಟು ಪುಣ್ಯವನ್ನೂ ಡಾಕ್ಟರನ್ನೂ ಒಂದೇ ಮುಳುಗಿನಲ್ಲಿ ಗಳಿಸುತ್ತಾರೆ. ಹನುಮಾನ್ ಘಾಟಿನ ಪಕ್ಕ, ಕರ್ನಾಟಕ ಘಾಟಿನ ಮೆಟ್ಟಿಲಿನಲ್ಲಿ, ಏಪ್ರಿಲ್‌ನ ಒಂದು ಸಂಜೆ ಹುಬ್ಬಳ್ಳಿಯ ಕುಟುಂಬವೊಂದು ಸಂಕಲ್ಪಕ್ಕೆ ಕೂತಿತ್ತು. ಯಾತ್ರಿಕರ ಒಡನಾಟದಲ್ಲಿ ಕನ್ನಡ ಕಲಿತ ಪುರೋಹಿತರು “ಇಷ್ಟವಾದದ್ದು ಏನು ಬಿಡ್ತೀರಿ ಯಜಮಾನ್ರೆ?” ಎಂದರು. ಯಜಮಾನರು ಮೊಣಕಾಲುದ್ದ ನೀರಿನಲ್ಲಿ ನಿಂತು ಯೋಚಿಸಿ, ಹೆಂಡತಿಯ ಮುಖ ನೋಡಿ, ಧೈರ್ಯ ಮಾಡಿ, “ಆರ್‌ಸಿಬಿ ಬಿಟ್ಟಬಿಡ್ತೇನ್ರಿ” ಎಂದರು. ಹೆಂಡತಿಯ ಕಣ್ಣಲ್ಲಿ ಗಂಗೆ. ಪುರೋಹಿತರು ಮಾತ್ರ ದರ್ಭೆ ಕೆಳಗಿಟ್ಟು ಮೊಬೈಲಿನಲ್ಲಿ ಗಂಟೆ ನೋಡಿದರು.

“ಅದೆಲ್ಲ ಬೇಡ. ಹಾಗಲಕಾಯಿ ಅಂತ ಹೇಳಿ ಬೇಗ ಮುಳುಗಿ, ಟಾಸ್ ಆಗೋ ಹೊತ್ತಾಯ್ತು.”